ಅಣ್ಣನ ಹ್ಯಾಂಡಲ್, ನನ್ನ ಬಟನ್

ಗುಂಡ್ಲುಪೇಟೆಯ ನಮ್ಮಮ್ಮನ ಮನೆಯಲ್ಲಿ ಒಂದು ಮುಚ್ಚಳಕ್ಕೆ ಹಿಡಿಯಿಲ್ಲ. ಹಿಡಿ ಇದ್ದ ಜಾಗದಲ್ಲಿ ಒಂದು ತೂತಿದೆ. ಸಾರು ಕುದಿಯುವಾಗ ಆ ತೂತಿನಿಂದ ಸಣ್ಣಗೆ ಆವಿ ಏಳುತ್ತದೆ. ಅಮ್ಮ ಸೆರಗಿನ ತುದಿಯಿಂದ ಮುಚ್ಚಳದ ಅಂಚು ಹಿಡಿದು ಎತ್ತುತ್ತಾಳೆ, ಬೆರಳು ಸುಟ್ಟುಕೊಳ್ಳುತ್ತಾಳೆ, ಹಿಡಿ ಕಿತ್ತುಕೊಂಡು ಹೋದ ಮಗನನ್ನು "ನಿನ್ ಕೈ ಸೇದೋಗ" ಎಂದು ಬೈಯುತ್ತಾಳೆ. ಬೈಯುತ್ತಿದ್ದಳು ಎನ್ನಬೇಕು. ಹೋದ ಕಾರ್ತೀಕದಿಂದ ಈಚೆಗೆ ಬೈಯುವುದನ್ನು ನಿಲ್ಲಿಸಿದ್ದಾಳೆ. ಬೆರಳು ಸುಟ್ಟುಕೊಳ್ಳುವುದು ಮಾತ್ರ ಹಾಗೇ ಇದೆ.

ಆ ಕಪ್ಪು ಗುಂಡು ಹಿಡಿ ಈಗ ನನ್ನ ಎದುರಿಗಿದೆ. ಅದು ಒಂದು ಕಬ್ಬಿಣದ ಕಡ್ಡಿಯ ತಲೆಯ ಮೇಲೆ ಕೂತಿದೆ. ಕಡ್ಡಿ ಒಂದು ಹಲಗೆ ಪೆಟ್ಟಿಗೆಯ ಮೇಲೆ ನಿಂತಿದೆ. ಪೆಟ್ಟಿಗೆಯ ಬಲಕ್ಕೆ ಆರು ಬಟನ್ನುಗಳಿವೆ. ಒಳಗೆ ಕೆಟ್ಟುಹೋದ ಕೀಬೋರ್ಡೊಂದರ ಕರುಳು ಇದೆ. ಇಷ್ಟನ್ನೂ ಜೋಡಿಸಿದವನು ನನ್ನ ಅಣ್ಣ ಸಿದ್ದರಾಜು. ಇದು ಕಂಪ್ಯೂಟರಿನಲ್ಲಿ ಕುಸ್ತಿ ಆಡುವ ಯಂತ್ರ. ಅದರ ಪಕ್ಕದಲ್ಲಿ ಒಂದು ಸಿ.ಡಿ. ಇದೆ. ಅದರ ಮೇಲೆ ಅಣ್ಣನ ಅಕ್ಷರದಲ್ಲಿ "ತಾತ, ಕೊನೆ ಆಟ" ಎಂದು ಬರೆದಿದೆ. ಈ ಸಿ.ಡಿ. ನನ್ನ ಕೈಸೇರಿದ ಮೇಲೆ ಹದಿನೈದು ದಿನ ನಾನು ಅದನ್ನು ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟಿದ್ದೆ. ಅದರಲ್ಲಿ ನಾನು ಅಣ್ಣನಿಗೆ ಮಾಡಿದ ಒಂದು ಮೋಸವಿತ್ತು. ಅವನು ಅದನ್ನು ನೋಡಿದ್ದನೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಮೋಸದ ವಿಚಾರಕ್ಕೆ ಬರುವ ಮುಂಚೆ ಅರ್ಧರ್ಧದ ವಿಚಾರ ಹೇಳಬೇಕು.

ನಾವು ಚಿಕ್ಕವರಿದ್ದಾಗ ಅಪ್ಪನಿಗೆ ಚಾಮರಾಜನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತೆ ಕೆಲಸ. ಬಸ್‌ಸ್ಟ್ಯಾಂಡಿನ ಹಿಂದೆ ನಂಜುಂಡಣ್ಣ ಅನ್ನುವವರ ವಿಡಿಯೋ ಗೇಮ್ ಅಂಗಡಿಯಿತ್ತು. ಹೆಣ್ಣುಮಕ್ಕಳು ಅಲ್ಲಿಗೆ ಹೋಗುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನನ್ನು ಮನೆಗೆ ಕರೆತರುವ ಹೊಣೆ ಅಣ್ಣನದು, ಅವನಿಗೆ ಅಂಗಡಿ ದಾಟಿ ಬರುವ ಶಕ್ತಿ ಇರಲಿಲ್ಲ, ಹೀಗಾಗಿ ನಾನೂ ಒಳಗೆ ಹೋದೆ. ಅಣ್ಣ ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಇಬ್ಬರಿಗೂ ಸೇರಿ ಇರುತ್ತಿದ್ದುದು ಒಂದು ಕಾಯಿನ್. ನಾನು ಬಾಗಿಲಲ್ಲಿ ನಿಂತು ಅತ್ತಿದ್ದಕ್ಕೆ ಅವನು ಒಂದು ಪರಿಹಾರ ಕಂಡುಹಿಡಿದ. "ನಾನು ಹ್ಯಾಂಡಲ್ ಇಡ್ಕೋತೀನಿ, ನೀನು ಬಟನ್ ಒತ್ತು. ನಾನು 'ಈಗ' ಅಂದಾಗ ಒತ್ಬೇಕು ಕಣಮ್ಮಿ. ಮುಂಚೇನೂ ಬ್ಯಾಡ, ತಡವಾಗೂ ಬ್ಯಾಡ."

ಅಲ್ಲಿದ್ದ ಹುಡುಗರಿಗೆ ಇದನ್ನು ಸಹಿಸಲಾಗಲಿಲ್ಲ.

"ಲೋ ಸಿದ್ದ, ಒಬ್ನ ಮೇಲೆ ಇಬ್ರು ಬತ್ತೀರೇನ್ಲಾ? ಗಂಡ್ಸಾದ್ರೆ ಒಬ್ನೇ ಆಡ್ಲಾ."

"ಒಂದ್ ಕಾಯಿನ್‌ಗೆ ಒಬ್ಬ ತಾನೇ? ಒಂದೇ ಕಣ್ಲಾ ಆಕಿರದು. ನಾನು ಅರ್ಧ, ಇವ್ಳು ಅರ್ಧ."

ನಂಜುಂಡಣ್ಣ ಬೀಡಿ ಬಾಯಿಂದ ತೆಗೆಯದೆಯೇ ತೀರ್ಪು ಕೊಟ್ಟರು: "ಲೆಕ್ಕ ಸರಿಯಾಗೈತೆ ಬುಡ್ರಲಾ." ಅಂದಿನಿಂದ ಆ ಅಂಗಡಿಯಲ್ಲಿ ನಾವಿಬ್ಬರೂ ಸೇರಿ ಒಬ್ಬ.

ಕುಸ್ತಿಯಾಳುಗಳಲ್ಲಿ ನಾವು ಆರಿಸುತ್ತಿದ್ದುದು ಒಬ್ಬ ಮುದುಕನನ್ನು. ಮಂಡಿಯವರೆಗೆ ಬಿಳಿಗಡ್ಡ, ಕೈಯಲ್ಲಿ ದೊಣ್ಣೆ. ಬೇರೆ ಹುಡುಗರು ಅವನನ್ನು ಮುಟ್ಟುತ್ತಿರಲಿಲ್ಲ, ಏಕೆಂದರೆ ಅವನ ನಡಿಗೆ ಬಹಳ ನಿಧಾನ. ಭೀಮನಬೀಡಿನಲ್ಲಿದ್ದ ನಮ್ಮ ತಾತನೂ ಹೀಗೇ ದೊಣ್ಣೆ ಊರಿ ನಿಧಾನವಾಗಿ ಬಂದು ಪಟ್ಟನೆ ಬೆನ್ನಿಗೆ ಬಾರಿಸುತ್ತಿದ್ದರಾದ್ದರಿಂದ ನಮಗೆ ಅವನ ಆಟ ಕೂಡಲೇ ಅರ್ಥವಾಯಿತು. ಎದುರಾಳಿ ಹಾರಿ ಬರುವವರೆಗೆ ಕಾಯಬೇಕು. ಹಾರಿದ ಕೂಡಲೇ ಒಂದು ಹೆಜ್ಜೆ ಮುಂದಕ್ಕೆ, ಆಮೇಲೆ ದೊಣ್ಣೆ. ಆ ಹೆಜ್ಜೆ ಇಡದಿದ್ದರೆ ದೊಣ್ಣೆ ಎಟುಕುತ್ತಿರಲಿಲ್ಲ. ಹೆಜ್ಜೆ ಅಣ್ಣನದು. ದೊಣ್ಣೆ ನನ್ನದು. ನಾನು ಒಂದು ದಿನವೂ ಹ್ಯಾಂಡಲ್ ಮುಟ್ಟಲಿಲ್ಲ, ಅವನು ಒಂದು ದಿನವೂ ಬಟನ್ ಒತ್ತಲಿಲ್ಲ. ಇಷ್ಟು ವರ್ಷ ಆಡಿಯೂ ನಾನು ಕಲಿತದ್ದು ಅರ್ಧ ಆಟ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನಗೆ ಹೊಡೆಯುವುದು ಬರುತ್ತದೆ, ನಡೆಯುವುದು ಬರುವುದಿಲ್ಲ.

ಅಪ್ಪನಿಗೆ ಗುಂಡ್ಲುಪೇಟೆಗೆ ವರ್ಗವಾಯಿತು. ನಂಜುಂಡಣ್ಣನ ಅಂಗಡಿಯೂ ಮುಚ್ಚಿತು. ಅವರು ಮಷೀನುಗಳನ್ನು ಗುಜರಿಗೆ ಹಾಕುವ ದಿನ ಅಣ್ಣ ಬಸ್ಸು ಹತ್ತಿ ಹೋಗಿ, ಬೇಡಿ, ಒಂದು ಹ್ಯಾಂಡಲ್ ಕಿತ್ತು ತಂದ. ಅದರ ಗುಂಡು ಒಡೆದಿತ್ತು. ಅಮ್ಮನ ಮುಚ್ಚಳಕ್ಕೆ ಆ ಗತಿ ಬಂದದ್ದು ಅಂದೇ.

ನಾನು ಪಿ.ಯು.ಸಿ. ಮುಗಿಸಿ, ಟೈಪಿಂಗ್ ಕಲಿತು, ಊಟಿ ರಸ್ತೆಯಲ್ಲಿದ್ದ ಜಬ್ಬಾರ್ ಸಾಬರ ಅಂಗಡಿಗೆ ಕೆಲಸಕ್ಕೆ ಸೇರಿದೆ. ಜೆರಾಕ್ಸ್, ಲ್ಯಾಮಿನೇಷನ್, ಲಗ್ನಪತ್ರಿಕೆ, ಮೂಲೆಯಲ್ಲಿ ನಾಲ್ಕು ಕಂಪ್ಯೂಟರು. ಎರಡು ಸಾವಿರದ ಏಳೋ ಎಂಟೋ ಇರಬೇಕು, ಅಲ್ಲಿಗೆ ಬ್ರಾಡ್‌ಬ್ಯಾಂಡ್ ಬಂತು. ಅಣ್ಣ ಆಗ ಕೇರಳದ ಕಡೆಗೆ ತರಕಾರಿ ಸಾಗಿಸುವ ಗಾಡಿ ಓಡಿಸುತ್ತಿದ್ದ. ಬೆಳಿಗ್ಗೆ ಲೋಡು ಇಳಿಸಿ ಮಧ್ಯಾಹ್ನಕ್ಕೆ ಹಿಂದಿರುಗಿ, ಸೊಪ್ಪಿನ ವಾಸನೆಯ ಅಂಗಿಯಲ್ಲೇ ಅಂಗಡಿಗೆ ಬಂದು ಕೂರುತ್ತಿದ್ದ. ಒಂದು ದಿನ ಅವನೇ ಆ ವೆಬ್‌ಸೈಟನ್ನು ಕಂಡುಹಿಡಿದ. ನಂಜುಂಡಣ್ಣನ ಅಂಗಡಿಯ ಅದೇ ಹಳೆಯ ಆಟ, ಅದೇ ಮುದುಕ. ಆದರೆ ಎದುರಾಳಿ ಮಾತ್ರ ಪ್ರಪಂಚದ ಯಾವ ಮೂಲೆಯಲ್ಲಿ ಬೇಕಾದರೂ ಕೂತಿರಬಹುದು.

ನಿಮಗೆ ಇದರ ಪರಿಚಯವಿಲ್ಲದಿದ್ದರೆ ಹೇಳುತ್ತೇನೆ, ಕಷ್ಟವೇನಿಲ್ಲ. ಹೊಸಬರು ಹತ್ತನೇ ದರ್ಜೆ. ಗೆದ್ದರೆ ಅಂಕ ಏರುತ್ತದೆ, ಸೋತರೆ ಇಳಿಯುತ್ತದೆ. ಅಂಕ ಕೂಡಿದಂತೆ ಒಂಬತ್ತು, ಎಂಟು, ಏಳು ಹೀಗೆ ಒಂದನೇ ದರ್ಜೆಯವರೆಗೆ. ನಿಮ್ಮ ಎದುರಾಳಿಯನ್ನು ನೀವು ಆರಿಸುವಂತಿಲ್ಲ. "ಹುಡುಕು" ಎಂದು ಒತ್ತಿ ಕೂತರೆ ಅದೇ ನಿಮ್ಮ ಸರಿಸಮನನ್ನು ಹುಡುಕಿ ಎದುರಿಗೆ ನಿಲ್ಲಿಸುತ್ತದೆ. ಹೆಸರಿನ ಪಕ್ಕ ಅವನ ದೇಶದ ಬಾವುಟ ಕಾಣುತ್ತದೆ, ಅಷ್ಟೆ. ಅದೇ ಸಮಯಕ್ಕೆ ನಮ್ಮಮ್ಮನೂ ನನಗೆ ಸರಿಸಮನಾದ ಗಂಡನ್ನು ಹುಡುಕುತ್ತಿದ್ದಳು. ಜಾತಕ ಹಿಡಿದುಕೊಂಡು ಎರಡು ವರ್ಷ ಅಲೆದಳು. ವೆಬ್‌ಸೈಟು ಅರ್ಧ ನಿಮಿಷದಲ್ಲಿ ಹುಡುಕುತ್ತಿತ್ತು.

ಅಣ್ಣ ಆ ಹಳೆಯ ಹ್ಯಾಂಡಲಿಗೆ ಕೆಟ್ಟ ಕೀಬೋರ್ಡೊಂದನ್ನು ಜೋಡಿಸಿ ಈ ಪೆಟ್ಟಿಗೆ ಮಾಡಿದ, ನಾವು "ತಾತ" ಎಂಬ ಹೆಸರಿನಲ್ಲಿ ಸೇರಿಕೊಂಡೆವು. ಒಂದು ಹೆಸರಿಗೆ ಒಬ್ಬರೇ ಆಡಬೇಕೆಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಅಣ್ಣನಿಗೆ ಓದಿ ಹೇಳಿದೆ.

"ಒಬ್ರೇ ತಾನೇ ಆಡ್ತಿರದು?" ಎಂದ.

ಮೊದಲು ಜಬ್ಬಾರ್ ಸಾಬರು ಮುಖ ಗಂಟು ಹಾಕಿಕೊಂಡಿದ್ದರು. "ಬೇಟಿ, ಕಷ್ಟಮರ್ ಕಾಯ್ತಾವ್ರೆ, ನೀವಿಬ್ರು ಮುದುಕನ್ನ ಕುಣಿಸ್ಕೊಂಡು ಕೂತಿದ್ದೀರ." ನಾವು ಐದನೇ ದರ್ಜೆಗೆ ಬರುವ ಹೊತ್ತಿಗೆ ಅವರೇ ಕುರ್ಚಿ ಎಳೆದುಕೊಂಡು ಹಿಂದೆ ಕೂರತೊಡಗಿದರು. ನಾಲ್ಕಕ್ಕೆ ಬಂದಾಗ, ಪರೀಕ್ಷೆಯ ಅರ್ಜಿ ತುಂಬಿಸಲು ಬಂದವರಿಗೆ ತಿರುಗಿಯೂ ನೋಡದೆ, "ಸರ್ವರ್ ಇಲ್ಲ, ಹತ್ ನಿಮಿಷ ಬುಟ್ಟು ಬನ್ನಿ" ಎನ್ನುವಷ್ಟು ಮುಂದುವರಿದರು.

ಆದರೆ ಇದು ನಂಜುಂಡಣ್ಣನ ಅಂಗಡಿಯಲ್ಲ. ಇಲ್ಲಿ ನಡುವೆ ಇಂಟರ್‌ನೆಟ್ ಲೈನ್ ಇತ್ತು. ಲೈನ್ ನಿಧಾನವಾದರೆ ಈಗ ಒತ್ತಿದ್ದು ಆಮೇಲೆ ಬೀಳುತ್ತಿತ್ತು. ಅಣ್ಣ ಅದಕ್ಕೂ ಒಂದು ಲೆಕ್ಕ ಹಾಕಿಕೊಂಡ. ಬಾವುಟ ನೋಡಿ ತನ್ನ "ಈಗ"ವನ್ನು ಒಂದು ಕೂದಲೆಳೆ ಹಿಂದಕ್ಕೋ ಮುಂದಕ್ಕೋ ಸರಿಸುತ್ತಿದ್ದ. ಹತ್ತಿರದ ದೇಶದವನಿಗೆ ಒಂದು "ಈಗ", ಬ್ರೆಜಿಲ್‌ನವನಿಗೆ ಇನ್ನೊಂದು. ನಾನು ಪರದೆ ನೋಡುವುದನ್ನೇ ಬಿಟ್ಟೆ. ಅವನ ಉಸಿರು ಕೇಳಿಸಿಕೊಂಡು ಕೂರುತ್ತಿದ್ದೆ. "ಈಗ" ಎನ್ನುವ ಮುಂಚೆ ಅವನ ಉಸಿರು ನಿಲ್ಲುತ್ತಿತ್ತು. ಕರೆಂಟು ಹೋದರೆ ಆಟ ಬಿಟ್ಟು ಓಡಿದ ಲೆಕ್ಕ, ಸೋಲು. ಯು.ಪಿ.ಎಸ್. ಕುಂಯ್ ಎಂದು ಅಳತೊಡಗಿದರೆ ನಮ್ಮ ಮೂವರ ಬೆನ್ನಲ್ಲೂ ಬೆವರು. ಹೀಗೆ ಹತ್ತು ತಿಂಗಳು ಹತ್ತಿದೆವು, ಜಾರಿದೆವು, ಮತ್ತೆ ಹತ್ತಿದೆವು.

ಅಷ್ಟರಲ್ಲಿ ಅಮ್ಮನೂ ಗೆದ್ದಳು. ಕುದೇರಿನ ಹುಡುಗ, ಹಾಲಿನ ಸೊಸೈಟಿಯಲ್ಲಿ ಕೆಲಸ, ಒಳ್ಳೆಯವರು. ಲಗ್ನ ನಿಶ್ಚಯವಾದ ದಿನ ಎಲ್ಲರೂ ಹೋದ ಮೇಲೆ ಅಣ್ಣ ಹಿತ್ತಲಿಗೆ ಬಂದು ಹೇಳಿದ್ದು ಒಂದೇ ಮಾತು: "ಇನ್ನ ನಲ್ವತ್ ದಿನ ಐತೆ. ಅಷ್ಟ್ರೊಳಗೆ ಒಂದ್ನೇ ದರ್ಜೆಗೆ ಓಗ್ಬುಡನ ಕಣಮ್ಮಿ. ಆಮೇಲೆ ನನ್ಗೆ ಬಟನ್ ಒತ್ತೋರು ಯಾರವ್ರೆ?"

ಅವನಿಗೆ ಬೇಕಾಗಿದ್ದು ಅದೊಂದೇ. ಗಾಡಿ ಸ್ವಂತದ್ದಲ್ಲ, ಓದು ಏಳನೇ ತರಗತಿಗೆ ನಿಂತಿತ್ತು, ಯಾವುದರಲ್ಲೂ ಅವನ ಹೆಸರಿನ ಮುಂದೆ ಯಾರೂ ಒಂದು ಎಂದು ಬರೆದಿರಲಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದರಿಂದಲೇ ಅದನ್ನು ಮೋಸ ಎನ್ನುತ್ತಿದ್ದೇನೆ.

ಮದುವೆಗೆ ನಾಲ್ಕು ದಿನವಿತ್ತು. ಮಾರನೆಯ ದಿನ ಅರಿಶಿನ ಹಚ್ಚುವ ಶಾಸ್ತ್ರ, ಅದಾದ ಮೇಲೆ ಹೆಣ್ಣು ಹೊಸಲು ದಾಟುವಂತಿಲ್ಲ. ನಾವು ಎರಡನೇ ದರ್ಜೆಯ ತುದಿಯಲ್ಲಿದ್ದೆವು. ಇನ್ನೊಂದು ಗೆದ್ದರೆ ಒಂದನೆಯದು. ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ತಪ್ಪಾಗಿದೆ, ಇವಳೇ ಬಂದು ತಿದ್ದಬೇಕು ಎಂದು ಅಮ್ಮನಿಗೆ ಸುಳ್ಳು ಹೇಳಿ ಅಣ್ಣ ನನ್ನನ್ನು ಕರೆದುಕೊಂಡು ಹೊರಟ. ಎಂದೂ ದಾರಿಯಲ್ಲಿ ಸುಮ್ಮನಿರದವನು ಅಂದು ಮಾತೇ ಆಡಲಿಲ್ಲ. ಅಂಗಡಿ ಹತ್ತಿರ ಬಂದಾಗ ಕೇಳಿದ:

"ಒಂದ್ನೇ ದರ್ಜೆ ಆದ್ಮೇಲೆ ಏನೈತೆ ಅಲ್ಲಿ?"

"ಏನಿಲ್ಲ ಕಣಣ್ಣ. ಅಲ್ಲೇ ಇರದು."

"ಊಂ" ಎಂದ.

ಜಬ್ಬಾರ್ ಸಾಬರು ಬಾಗಿಲನ್ನು ಅರ್ಧ ಎಳೆದರು. ಬ್ರೆಜಿಲ್‌ನ ಬಾವುಟ ಬಂತು. ಅವನ ಆಳು ಉದ್ದ ಕಾಲಿನ ಒಬ್ಬ ಹೆಂಗಸು, ಹಾರಿ ಹಾರಿ ಒದೆಯುವವಳು. ಮೂರು ಸುತ್ತಿನ ಆಟ. ಮೊದಲ ಸುತ್ತು ನಮ್ಮದಾಯಿತು. ಎರಡನೆಯದರಲ್ಲಿ ಅವಳು ನಮ್ಮ ತಾತನನ್ನು ಮೂಲೆಗೆ ಒತ್ತಿ ಮೇಲೇಳಲು ಬಿಡಲಿಲ್ಲ. ಮೂರನೆಯ ಸುತ್ತಿಗೆ ಅಣ್ಣ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನಾನು ಒರೆಸಿಕೊಳ್ಳಲಿಲ್ಲ, ಬಟನ್ ಮೇಲಿಂದ ಬೆರಳು ತೆಗೆಯಲು ಹೆದರಿಕೆ.

ಅವಳು ಒದ್ದಳು, ನಾವು ತಡೆದೆವು. ನಾವು ಹೊಡೆದೆವು, ಅವಳು ತಡೆದಳು. ಪರದೆಯ ಮೇಲೆ ಇಬ್ಬರ ಜೀವದ ಗೆರೆಯೂ ಚಿಕ್ಕದಾಗುತ್ತಾ ಬಂದು ಉಗುರಿನಷ್ಟಾಯಿತು. ಇನ್ನು ಯಾರು ಯಾರಿಗೆ ಒಂದೇಟು ಹಾಕಿದರೂ ಮುಗಿಯಿತು. ಸಾಬರು ಹಿಂದಿನಿಂದ "ಯಾ ಅಲ್ಲಾ" ಎಂದರು. ಅಣ್ಣ ಕಾದ. ನಾನು ಕಾದೆ. ಅವಳು ಹಾರಿದಳು. ಅಣ್ಣನ ಉಸಿರು ನಿಂತಿತು.

"ಈಗ!"

ನಾನು ಒತ್ತಲಿಲ್ಲ.

ಬೆರಳು ಬಟನ್ ಮೇಲೆಯೇ ಇತ್ತು. ಮರಗಟ್ಟಿರಲಿಲ್ಲ, ಗಾಬರಿಯಾಗಿರಲಿಲ್ಲ. ಒತ್ತಿದರೆ ಮುಗಿದುಹೋಗುತ್ತದೆ ಅನ್ನಿಸಿತು, ಅಷ್ಟೆ. ಗೆದ್ದುಬಿಟ್ಟರೆ ನಾಳೆಯಿಂದ ಅಣ್ಣನಿಗೆ ನನ್ನಿಂದ ಏನೂ ಆಗಬೇಕಾಗಿಲ್ಲ. ಸೋತರೆ ಒಂದು ಆಟ ಉಳಿದಿರುತ್ತದೆ. ತವರಿಗೆ ಬಂದಾಗ ಆಡೋಣ ಎಂದು ಅವನು ಕಾಯುತ್ತಿರುತ್ತಾನೆ. ಇಷ್ಟೆಲ್ಲ ಯೋಚಿಸಲು ಎಷ್ಟು ಹೊತ್ತು ಬೇಕು ಹೇಳಿ? ಕಣ್ಣು ಮಿಟುಕಿಸುವಷ್ಟೂ ಬೇಡ. ಅವಳ ಕಾಲು ತಾತನ ಗಡ್ಡಕ್ಕೆ ಬಡಿಯಿತು. ತಾತ ಮಲಗಿದ.

ಅಣ್ಣ ಅಂಗಿಯ ಚುಂಗಿನಿಂದ ಹ್ಯಾಂಡಲಿನ ಗುಂಡನ್ನು ಮೆಲ್ಲಗೆ ಒರೆಸಿದ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ: "ಲೈನ್ ಸ್ಲೋ ಆಯ್ತು ಕಣಮ್ಮಿ. ನೀನು ಒತ್ತಿದ್ದೆ. ನಾನು ನೋಡ್ದೆ."

ನಾನು ಹೂಂ ಎಂದೆ.

ಆ ಒಂದು ಹೂಂ ಅಲ್ಲಿಗೇ ಮುಗಿಯಲಿಲ್ಲ. ಮದುವೆಯ ದಿನ ಊಟದ ಪಂಕ್ತಿಯಲ್ಲಿ ಅವನು ನನ್ನ ಗಂಡನಿಗೆ, "ಭಾವ, ಇವ್ಳು ಒತ್ತದ್ರಲ್ಲಿ ಏನೂ ತಪ್ಪಿಲ್ಲ, ಲೈನ್‌ದೇ ತಪ್ಪು" ಎಂದು ವಿವರಿಸುತ್ತಿದ್ದ. ಏನು ಎತ್ತ ಅರ್ಥವಾಗದ ಇವರು ಪಾಯಸ ಹಿಡಿದುಕೊಂಡು ತಲೆದೂಗುತ್ತಿದ್ದರು. ಆಮೇಲೆ ಫೋನು ಮಾಡಿದಾಗಲೆಲ್ಲ ಅದೇ. ಅವನು ಒಬ್ಬನೇ ಆಡಲು ನೋಡಿದನಂತೆ. ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಎಂಟಕ್ಕೆ ಇಳಿದನಂತೆ. "ನನ್ ಎಡಗೈಗೂ ಬಲಗೈಗೂ ಮಾತಿಲ್ಲ ಕಣಮ್ಮಿ, ದಾಯಾದಿಗಳು ಆದಂಗಾಗವೆ" ಎಂದು ನಗುತ್ತಿದ್ದ. ನೀನು ಬಾ, ಮತ್ತೆ ಹತ್ತನ ಎನ್ನುತ್ತಿದ್ದ. ನಾನು ತವರಿಗೆ ಹೋದಾಗ ಅವನು ಲೋಡಿಗೆ ಹೋಗಿರುತ್ತಿದ್ದ. ಅವನಿದ್ದಾಗ ನೆಂಟರಿರುತ್ತಿದ್ದರು. ಒಮ್ಮೆ ಇಬ್ಬರೂ ಇದ್ದೆವು, ನನಗೆ ಬಸುರಿನ ವಾಂತಿ. ಮುಂದಿನ ಸಲ, ಮುಂದಿನ ಸಲ ಎಂದು, ನಾನು ಅಷ್ಟು ಜಾಣತನದಿಂದ ಉಳಿಸಿಕೊಂಡ ಆಟ ಉಳಿದೇಹೋಯಿತು.

ಕಾರ್ತೀಕದಲ್ಲಿ ಅವನಿಗೆ ಜ್ವರ ಬಂತು. ಇಲಿಜ್ವರ ಎಂದರು. ಒಂಬತ್ತು ದಿನ, ಅಷ್ಟೆ. ಮೈಸೂರಿನ ಆಸ್ಪತ್ರೆಯಲ್ಲಿ ಎಂಟನೆಯ ದಿನ ನಾನು ಅವನ ಪಕ್ಕದಲ್ಲಿ ಕೂತಿದ್ದೆ. ಕಣ್ಣು ಹಳದಿಯಾಗಿತ್ತು.

"ತಾತ ಎಷ್ಟ್ರಲ್ಲವ್ನೆ?" ಎಂದು ಕೇಳಿದ.

ಎಂಟಕ್ಕೆ ಇಳಿದದ್ದು ಗೊತ್ತಿದ್ದೂ "ಎರಡ್ರಲ್ಲೇ ಅವ್ನೆ ಕಣಣ್ಣ" ಎಂದೆ.

"ಲೈನ್ ಒಂದು ಸರ್ಯಾಗಿದ್ದಿದ್ರೆ..." ಎಂದ.

ಈಗ ಹೇಳಿಬಿಡಬೇಕು ಎಂದುಕೊಂಡೆ. ಅಣ್ಣ, ಲೈನ್ ಸರಿಯಾಗೇ ಇತ್ತು, ನಾನು ಒತ್ತಲಿಲ್ಲ. ಎರಡು ವಾಕ್ಯ. ಬಾಯಿ ತೆರೆದೆ. ನರ್ಸಮ್ಮ ಬಂದು ಗ್ಲೂಕೋಸ್ ಬಾಟಲಿ ಬದಲಿಸತೊಡಗಿದರು. ಅವರು ಹೋಗಲಿ ಎಂದು ಕಾದೆ. ಅವರು ಹೋಗುವ ಹೊತ್ತಿಗೆ ಅವನಿಗೆ ನಿದ್ದೆ ಹತ್ತಿತ್ತು. ಮತ್ತೆ ಅವನು ಮಾತಾಡಲಿಲ್ಲ.

ತಿಥಿ ಕಳೆದ ಮೇಲೆ ಜಬ್ಬಾರ್ ಸಾಬರು ಮನೆಗೆ ಬಂದು ಈ ಪೆಟ್ಟಿಗೆ ಮತ್ತು ಸಿ.ಡಿ. ಕೊಟ್ಟರು. ಆ ವೆಬ್‌ಸೈಟಿನಲ್ಲಿ ಆಡಿದ ಆಟವನ್ನು ಉಳಿಸಿಟ್ಟುಕೊಂಡು ಮತ್ತೆ ನೋಡಬಹುದಿತ್ತಂತೆ. ಅದು ನನಗೆ ಗೊತ್ತಿರಲಿಲ್ಲ. ಪರದೆಯ ಕೆಳಗೆ ಹ್ಯಾಂಡಲ್ ಯಾವ ಕಡೆ ತಿರುಗಿತು, ಯಾವ ಬಟನ್ ಯಾವಾಗ ಒತ್ತಿದರು, ಎಲ್ಲವೂ ಗುರುತಾಗಿ ಓಡುತ್ತದೆ ಎಂದರು.

"ಅಣ್ಣ ಇದನ್ನ ನೋಡಿದ್ನಾ ಸಾಬ್ರೆ?"

"ನಿನ್ ಮದ್ವೆ ಆದ ವಾರ ಸಿ.ಡಿ.ಗೆ ಬರ್ಸ್ಕೊಂಡ ಬೇಟಿ. ಒಳಗಿನ ಮಷೀನಲ್ಲಿ ಒಬ್ನೇ ಕೂತಿದ್ದ. ನೋಡಿದ್ನೋ ಇಲ್ವೋ, ನಾನು ಕೇಳ್ಲಿಲ್ಲ. ಡ್ರಾನಲ್ಲಿ ಇಡಿ ಅಂದ, ಇಟ್ಟೆ."

ನೋಡಿದ್ದರೆ ಅವನಿಗೆ ಗೊತ್ತಾಗಿರುತ್ತದೆ. ಗೊತ್ತಿದ್ದೂ ಆಸ್ಪತ್ರೆಯ ಹಾಸಿಗೆಯವರೆಗೆ ಲೈನ್, ಲೈನ್ ಎಂದನೇ? ಅಥವಾ ನೋಡದೆಯೇ, ನನ್ನನ್ನು ನಂಬಿಯೇ ಹೋದನೇ? ಎರಡರಲ್ಲಿ ಯಾವುದಾದರೆ ನಾನು ಉಳಿದುಕೊಳ್ಳುತ್ತೇನೆ ಎಂದು ಹದಿನೈದು ದಿನ ಲೆಕ್ಕ ಹಾಕಿದೆ. ನಿನ್ನೆ ಅಮ್ಮ ಮುಚ್ಚಳ ಎತ್ತಿ ಬೆರಳು ಸುಟ್ಟುಕೊಂಡಾಗ ನನಗೆ ತಡೆಯಲಾಗಲಿಲ್ಲ. "ಆ ಗುಂಡು ನನ್ ಹತ್ರಾನೇ ಐತೆ, ಆಕ್ಬುಡ್ಲಾಮ್ಮ?" ಎಂದೆ. "ಬುಡು, ಬಟ್ಟೆ ಐತಲ್ಲ" ಎಂದಳು. ನಾನು ಮಗುವನ್ನು ಅವಳ ಮಡಿಲಿಗೆ ಹಾಕಿ, ಸಿ.ಡಿ. ತೆಗೆದುಕೊಂಡು, ಸಾಬರ ಅಂಗಡಿಗೆ ಹೋದೆ.

ಅದೇ ಮೂಲೆ, ಅದೇ ಕುರ್ಚಿ. ನಾನು ನನ್ನ ಬಲಗಡೆಯ ಜಾಗದಲ್ಲೇ ಕೂತೆ. ತಾತ ಬಂದ, ಆ ಹೆಂಗಸು ಬಂದಳು. ಕೆಳಗೆ ಎಡಕ್ಕೆ ಬಾಣಗಳು, ಅವು ಅಣ್ಣ. ಬಲಕ್ಕೆ ಕೆಂಪು ಚುಕ್ಕೆಗಳು, ಅವು ನಾನು. ಬಾಣ, ಚುಕ್ಕೆ, ಬಾಣ, ಚುಕ್ಕೆ. ನಮ್ಮ ಮಾತುಕತೆಯೇ ಬರೆದಿಟ್ಟಂತೆ ಓಡುತ್ತಿತ್ತು. ಮೊದಲ ಸುತ್ತು ಕಳೆಯಿತು, ಎರಡನೆಯದು ಕಳೆಯಿತು. ಮೂರನೆಯದರಲ್ಲಿ ಜೀವದ ಗೆರೆಗಳು ಉಗುರಿನಷ್ಟಾದವು. ಅವಳು ಹಾರಿದಳು. ನಾನು ಆಟವನ್ನು ಅಲ್ಲಿಗೆ ನಿಲ್ಲಿಸಿ, ಒಂದೊಂದೇ ಚಿತ್ರವಾಗಿ ಮುಂದಕ್ಕೆ ಸರಿಸಿದೆ.

ಬಲಗಡೆ ಚುಕ್ಕೆ ಇರಲಿಲ್ಲ. ಅದನ್ನು ನೋಡಲು ತಯಾರಾಗಿಯೇ ಹೋಗಿದ್ದೆ.

ಎಡಗಡೆ ಬಾಣವಿತ್ತು. ಅದು ಮುಂದಕ್ಕಿರಲಿಲ್ಲ. ಹಿಂದಕ್ಕೆ ತಿರುಗಿತ್ತು.

ಮತ್ತೆ ಹಾಕಿ ನೋಡಿದೆ. ಐದು ಸಲ, ಆರು ಸಲ. ಅವಳು ಹಾರಿದ ಕೂಡಲೇ ಅಣ್ಣ ತಾತನನ್ನು ಮುಂದೆ ಇಟ್ಟಿರಲಿಲ್ಲ, ಒಂದು ಹೆಜ್ಜೆ ಹಿಂದಕ್ಕೆ ಎಳೆದಿದ್ದ. ಎಳೆದ ಮೇಲೆ "ಈಗ" ಎಂದಿದ್ದ. ನಾನು ಒತ್ತಿದ್ದರೂ ದೊಣ್ಣೆ ಅವಳಿಗೆ ಎಟುಕುತ್ತಿರಲಿಲ್ಲ. ಸಾವಿರ ಸಲ ಮುಂದಿಟ್ಟ ಹೆಜ್ಜೆಯನ್ನು ಅವನ ಕೈ ಮರೆಯಿತೇ? ಅಂಗೈ ಬೆವರಿ ಜಾರಿತೇ? ಇರಬಹುದು. ತಪ್ಪನ್ನು ಲೈನ್ ಮೇಲೆ ಹಾಕೋಣವೆಂದರೆ, ಲೈನ್ ನಿಧಾನವಾದರೆ ಬಾಣ ತಡವಾಗಿ ಬರುತ್ತದೆ, ತಿರುಗಿ ಬರುವುದಿಲ್ಲ.

ಜಬ್ಬಾರ್ ಸಾಬರು ಕುರ್ಚಿ ಎಳೆದುಕೊಂಡು ಹಿಂದೆ ಬಂದು ಕೂತರು. ಸ್ವಲ್ಪ ಹೊತ್ತು ಪರದೆ ನೋಡಿದರು. ಅವರಿಗೆ ಕನ್ನಡಕವಿಲ್ಲದೆ ಬಾಣಗಳು ಕಾಣುವುದಿಲ್ಲ.

"ಏನ್ ಬೇಟಿ? ಸಿದ್ದು ಹೇಳ್ತಿದ್ದಂಗೆ ಲೈನ್ ಸ್ಲೋ ಆಗಿತ್ತಾ?"

"ಊಂ ಸಾಬ್ರೆ" ಎಂದೆ. "ಲೈನ್ ಸ್ಲೋ ಆಗಿತ್ತು."